‘ಪ್ರೊಜೆಕ್ಟರ್ ಕೆಟ್ಟಿದೆ’ ಎನ್ನುವ ಮುನ್ನ

ಹಾಸನ ಪೇಟೆಯಿಂದ ಸಾಲಗಾಮೆ ಹೋಬಳಿಯ ಕಡೆಗೆ ಹೊರಡುವ ರಸ್ತೆ ವಿದ್ಯೆಗೂ ವಿಜ್ಞಾನಕ್ಕೂ ಹೆಸರಾದದ್ದು. 1960ರಲ್ಲಿ ಶುರುವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇರುವುದು ಈ ಸಾಲಗಾಮೆ ರಸ್ತೆಯಲ್ಲೇ. ದೇಶದ ಭೂಸ್ಥಿರ ಉಪಗ್ರಹಗಳನ್ನು 1982ರಿಂದ ನೋಡಿಕೊಳ್ಳುತ್ತಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಊರಿನವರ ಬಾಯಲ್ಲಿ ಎಂಸಿಎಫ್, ಅದೂ ಇದೇ ರಸ್ತೆಯಲ್ಲಿದೆ. ಶಾಲೆ ಕಾಲೇಜುಗಳಿಗೆ ಪಾಠ ಮುಟ್ಟಿಸಲೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹವನ್ನು ಕಕ್ಷೆಗೇರಿಸಿ ನೆಲೆ ನಿಲ್ಲಿಸಿದ್ದು ಈ ಕೇಂದ್ರ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಯಂತ್ರವನ್ನು ಯಾರೂ ಹೋಗಿ ಮುಟ್ಟಿ ನೋಡಲಾರರು. ಅಲ್ಲಿಂದ ಬರುವ ಸಂಕೇತಗಳನ್ನು ಓದಿ, ತೊಂದರೆ ಯಾವ ಭಾಗದಲ್ಲಿದೆ ಎಂದು ತರ್ಕದಿಂದಲೇ ಕಂಡುಕೊಂಡು, ನೆಲದಿಂದಲೇ ಆಜ್ಞೆ ಕಳಿಸಬೇಕು. ಆದರೆ ತರಗತಿಯಲ್ಲೋ ಪಂಚಾಯ್ತಿ ಸಭಾಂಗಣದಲ್ಲೋ, ಕೈಗೆ ಎಟಕುವ ಮೇಜಿನ ಮೇಲೆ ಕೂತ ಡಿಜಿಟಲ್ ಪ್ರೊಜೆಕ್ಟರ್ ಚಿತ್ರ ತೋರಿಸದೆ ಹೋದರೆ ನಾವು ಅಷ್ಟೆಲ್ಲ ಯೋಚಿಸುವುದಿಲ್ಲ. ‘ಕೆಟ್ಟಿದೆ’ ಅಂದುಬಿಡುತ್ತೇವೆ. ಆಮೇಲೆ ಅದಕ್ಕೊಂದು ಬಟ್ಟೆ ಹೊದಿಸಿ ಬೀರುವಿಗೆ ಸೇರಿಸುತ್ತೇವೆ. ‘ಕೆಟ್ಟಿದೆ’ ಎನ್ನುವುದು ಒಂದು ತೀರ್ಪು. ವಿಚಾರಣೆಯಿಲ್ಲದೆ ತೀರ್ಪು ಕೊಡಬಾರದು. ಆ ವಿಚಾರಣೆ ನಡೆಸಲು ಬೇಕಾದ ಸಾಕ್ಷ್ಯವನ್ನೆಲ್ಲ ಪ್ರೊಜೆಕ್ಟರೇ ತನ್ನ ಗುಂಡಿಗಳು, ಪೋರ್ಟ್‌ಗಳು ಮತ್ತು ರಿಮೋಟಿನ ಮೂಲಕ ಕೊಡುತ್ತದೆ. ಇದು ನನ್ನ ಇವತ್ತಿನ ವಾದ.

ಗುಂಡಿಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸುವುದು ಪ್ರೊಜೆಕ್ಟರ್ ಕಲಿಸುವ ಸರಿಯಾದ ದಾರಿಯಲ್ಲ. ಕಂಪನಿ ಬದಲಾದರೆ ಗುಂಡಿಯ ಜಾಗವೂ ಹೆಸರೂ ಬದಲಾಗುತ್ತವೆ, ಕಲಿತದ್ದು ವ್ಯರ್ಥವಾಗುತ್ತದೆ. ಬದಲಾಗದೆ ಉಳಿಯುವುದು ಒಳಗಿನ ಏರ್ಪಾಡು. ಯಾವ ಪ್ರೊಜೆಕ್ಟರೇ ಆಗಲಿ, ಅದರಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಬೆಳಕಿನ ದಾರಿ: ದೀಪದಲ್ಲಿ ಹುಟ್ಟಿದ ಬೆಳಕು ಚಿತ್ರ ರೂಪಿಸುವ ಚಿಪ್ಪನ್ನು ಹಾದು, ಲೆನ್ಸಿನಿಂದ ಹೊರಟು ಪರದೆಗೆ ಬೀಳುವುದು. ಎರಡನೆಯದು ಚಿತ್ರದ ದಾರಿ: ಲ್ಯಾಪ್‌ಟಾಪಿನಿಂದ ಕೇಬಲ್ ಮೂಲಕ ಪೋರ್ಟ್ ತಲುಪಿ ಒಳಗೆ ಬರುವುದು. ಮೂರನೆಯದು ಆಜ್ಞೆಯ ದಾರಿ: ಮೈಮೇಲಿನ ಗುಂಡಿ ಅಥವಾ ಕೈಯಲ್ಲಿರುವ ರಿಮೋಟ್ ಹೇಳಿದ್ದು ಯಂತ್ರಕ್ಕೆ ಮುಟ್ಟುವುದು. ತೊಂದರೆ ಈ ಮೂರರಲ್ಲಿ ಯಾವ ದಾರಿಯದ್ದು ಎಂದು ತಿಳಿದರೆ ಅರ್ಧ ರಿಪೇರಿ ಆದಂತೆ. ಅದನ್ನು ತಿಳಿಸುವ ಪರೀಕ್ಷೆ ಒಂದೇ ಒಂದು ಗುಂಡಿಯಲ್ಲಿದೆ. ಅದರ ಹೆಸರು ಮೆನು. ಮೆನು ಒತ್ತಿದಾಗ ಪರದೆಯ ಮೇಲೆ ಮೂಡುವ ಪಟ್ಟಿ ಲ್ಯಾಪ್‌ಟಾಪಿನಿಂದ ಬಂದದ್ದಲ್ಲ, ಪ್ರೊಜೆಕ್ಟರ್ ತಾನೇ ಬರೆದುಕೊಂಡದ್ದು. ಪಟ್ಟಿ ಸ್ಫುಟವಾಗಿ ಕಂಡರೆ ದೀಪ, ಚಿಪ್, ಲೆನ್ಸ್ ಎಲ್ಲ ಸರಿಯಿವೆ, ತಕರಾರು ಕೇಬಲ್ಲಿನ ಕಡೆ. ಪಟ್ಟಿಯೂ ಮಸುಕಾಗಿದ್ದರೆ ಲೆನ್ಸಿನ ಫೋಕಸ್ ಬಳೆ ತಿರುಗಿಸಬೇಕು, ಕೇಬಲ್ ಕಿತ್ತು ಹಾಕಿ ಪ್ರಯೋಜನವಿಲ್ಲ. ‘ನೋ ಸಿಗ್ನಲ್’ ಎಂಬ ಬರಹ ಕಂಡ ಕೂಡಲೇ ಸಭೆಯಲ್ಲಿ ನಿರಾಸೆ ಹರಡುತ್ತದಲ್ಲ, ವಾಸ್ತವವಾಗಿ ಅದು ಒಳ್ಳೆಯ ಸುದ್ದಿ. ಆ ಬರಹವನ್ನು ಓದಲು ಸಾಧ್ಯವಾಯಿತು ಎಂದರೇನೇ ಬೆಳಕಿನ ದಾರಿ ನೆಟ್ಟಗಿದೆ ಎಂದರ್ಥ.

ಈಗ ಚಿತ್ರದ ದಾರಿಯನ್ನು ನೋಡೋಣ. ಹಿಂಬದಿಯಲ್ಲಿ ಸಾಲಾಗಿರುವ ಪೋರ್ಟ್‌ಗಳನ್ನು ಕಂಡು ಗಾಬರಿಯಾಗುವುದು ಸಹಜ. ಆದರೆ ಅವೆಲ್ಲ ಬೇರೆ ಬೇರೆ ಕಾಲದಲ್ಲಿ ಬಂದು ಸೇರಿದವು ಎಂದು ತಿಳಿದರೆ ಗಾಬರಿ ಇಳಿಯುತ್ತದೆ. ಹದಿನೈದು ಪಿನ್ನಿನ ವಿಜಿಎ ಬಂದದ್ದು 1987ರಲ್ಲಿ, ಐಬಿಎಂ ಕಂಪ್ಯೂಟರುಗಳ ಜೊತೆಗೆ. ಹಳದಿ, ಬಿಳಿ, ಕೆಂಪು ದುಂಡು ಪೋರ್ಟ್‌ಗಳು ವಿಸಿಆರ್, ಡಿವಿಡಿ ಪ್ಲೇಯರುಗಳ ಕಾಲದವು. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಶಬ್ದ. ಚಿತ್ರ ಮತ್ತು ಶಬ್ದ ಎರಡನ್ನೂ ಒಂದೇ ಕೇಬಲ್ಲಿನಲ್ಲಿ ಒಯ್ಯುವ ಎಚ್‌ಡಿಎಂಐ 2002ರ ಕೊನೆಯಲ್ಲಿ ರೂಪುಗೊಂಡಿತು. ಇಷ್ಟು ಪೋರ್ಟ್‌ಗಳಿರುವುದರಿಂದಲೇ ‘ಸೋರ್ಸ್’ ಅಥವಾ ‘ಇನ್‌ಪುಟ್’ ಎಂಬ ಗುಂಡಿ ಬೇಕಾಯಿತು. ಕೇಬಲ್ ಎಚ್‌ಡಿಎಂಐಯಲ್ಲಿದ್ದು ಯಂತ್ರ ವಿಜಿಎ ಕಡೆ ನೋಡುತ್ತಿದ್ದರೆ ಚಿತ್ರ ಬಾರದು. ಇನ್ನೊಂದು ಸೂಕ್ಷ್ಮವಿದೆ. ಕೆಲವು ಮಾದರಿಗಳಲ್ಲಿ ಒಂದೇ ಆಕಾರದ ಎರಡು ವಿಜಿಎ ಪೋರ್ಟ್‌ಗಳಿರುತ್ತವೆ. ಒಂದು ಒಳಬರುವುದಕ್ಕೆ, ಇನ್ನೊಂದು ಬೇರೆ ಮಾನಿಟರಿಗೆ ಹೊರಹೋಗುವುದಕ್ಕೆ. ಕೇಬಲ್ ಎರಡರಲ್ಲೂ ಕೂರುತ್ತದೆ, ಕೆಲಸ ಮಾಡುವುದು ‘ಇನ್’ ಎಂದು ಬರೆದದ್ದರಲ್ಲಿ ಮಾತ್ರ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಕೂಡ ಏಕಮುಖ ರಸ್ತೆ, ತಿರುಗಿಸಿ ಹಾಕಿದರೆ ನಡೆಯದು. ಹೊಸ ಲ್ಯಾಪ್‌ಟಾಪ್ ಮತ್ತು ಮೊಬೈಲುಗಳ ಯುಎಸ್‌ಬಿ-ಸಿ ಪೋರ್ಟ್‌ಗಳೂ ನೋಡಲು ಒಂದೇ ಥರ ಇರುತ್ತವೆ. ಒಳಗೆ ಚಿತ್ರ ಕಳಿಸುವ ಏರ್ಪಾಡು ಇದ್ದರೆ ಮಾತ್ರ ಅದರಿಂದ ಚಿತ್ರ ಬರುತ್ತದೆ. ಕೇಬಲ್, ಸೋರ್ಸ್ ಎಲ್ಲ ಸರಿಯಿದ್ದೂ ಪರದೆಯ ಮೇಲೆ ಬರೀ ಹಿನ್ನೆಲೆ ಚಿತ್ರ ಕಾಣುತ್ತಿದ್ದರೆ ಪ್ರೊಜೆಕ್ಟರಿನ ತಪ್ಪಲ್ಲ. ಲ್ಯಾಪ್‌ಟಾಪ್ ಎರಡು ಪರದೆಗಳನ್ನು ಬೇರೆ ಬೇರೆಯಾಗಿ ಬಳಸುತ್ತಿದೆ. ವಿಂಡೋಸ್ ಗುಂಡಿಯ ಜೊತೆ ‘ಪಿ’ ಒತ್ತಿ ‘ಡುಪ್ಲಿಕೇಟ್’ ಆರಿಸಿದರೆ ಲ್ಯಾಪ್‌ಟಾಪಿನಲ್ಲಿ ಇರುವುದೇ ಅಲ್ಲೂ ಕಾಣುತ್ತದೆ.

ಇದೆಲ್ಲ ಬರೀ ಸೌಕರ್ಯದ ಮಾತು ಎಂದುಕೊಳ್ಳಬಾರದು. ಹಾಸನ ಆಲೂಗಡ್ಡೆಯ ಜಿಲ್ಲೆ. ಅಂಗಮಾರಿ ರೋಗದ ಲಕ್ಷಣ ಎಲೆಯ ಮೇಲಿನ ಕಂದು ಮಚ್ಚೆ ಎಂದು ರೈತರಿಗೆ ತೋರಿಸಬೇಕಾದ ಸಭೆಯನ್ನು ಊಹಿಸಿಕೊಳ್ಳಿ. ವಿಜಿಎ ಕೇಬಲ್ಲಿನ ಮೊದಲ ಮೂರು ಪಿನ್ನುಗಳು ಕ್ರಮವಾಗಿ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಯ್ಯುತ್ತವೆ. ಮೊದಲನೆಯ ಪಿನ್ ಬಗ್ಗಿದ್ದರೆ ಕೆಂಪು ಬಣ್ಣವೇ ಬಾರದು. ಬಿಳಿಯ ಜಾಗ ತಿಳಿ ನೀಲಿ-ಹಸಿರಾಗುತ್ತದೆ, ಕಂದು ಮಚ್ಚೆ ಕಡು ಹಸಿರಾಗಿ ಎಲೆಯೊಳಗೆ ಮರೆಯಾಗುತ್ತದೆ. ತೋರಿಸಬೇಕಾದ ಒಂದೇ ವಿಷಯ ಕಾಣದೆ ಹೋಗುತ್ತದೆ, ನೋಡಿದವರು ತಪ್ಪು ತಿಳಿದು ಮನೆಗೆ ಹೋಗುತ್ತಾರೆ. ಇಲ್ಲಿಯೂ ಮೆನು ಪರೀಕ್ಷೆ ಕೆಲಸಕ್ಕೆ ಬರುತ್ತದೆ. ಮೆನುವಿನ ಬಣ್ಣ ಸರಿಯಿದ್ದು ಚಿತ್ರದ ಬಣ್ಣ ಮಾತ್ರ ತಪ್ಪಿದ್ದರೆ ಅದು ಕೇಬಲ್ ದೋಷ, ಬದಲಿ ಕೇಬಲ್ಲಿನಿಂದ ತೀರುತ್ತದೆ. ಎರಡೂ ತಪ್ಪಿದ್ದರೆ ಒಳಗಿನ ದೋಷ, ಅದಕ್ಕೆ ಮೆಕ್ಯಾನಿಕ್ ಬೇಕು. ಈ ಎರಡು ತೀರ್ಮಾನಗಳ ಖರ್ಚಿನ ಅಂತರ ದೊಡ್ಡದು. ಶಬ್ದದ ವಿಷಯವೂ ಇಂಥದ್ದೇ. ವಿಜಿಎ ಕೇಬಲ್ಲಿನಲ್ಲಿ ಶಬ್ದ ಬರುವುದಿಲ್ಲ, ಅದಕ್ಕೆ ಬೇರೆ ಕೇಬಲ್ ಬೇಕು. ಎಚ್‌ಡಿಎಂಐ ಹಾಕಿದಾಗ ಲ್ಯಾಪ್‌ಟಾಪಿನ ಶಬ್ದವೂ ಪ್ರೊಜೆಕ್ಟರಿಗೆ ಹರಿದು, ಅದರ ಪುಟ್ಟ ಸ್ಪೀಕರಿನಲ್ಲಿ ಕ್ಷೀಣವಾಗಿ ಕೇಳಿಸುತ್ತದೆ. ಪ್ರೊಜೆಕ್ಟರಿನ ‘ಆಡಿಯೋ ಔಟ್’ ಪೋರ್ಟಿನಿಂದ ಸಭಾಂಗಣದ ಆಂಪ್ಲಿಫೈಯರಿಗೆ ಒಂದು ತಂತಿ ಎಳೆದರೆ ಹಿಂದಿನ ಸಾಲಿನವರಿಗೂ ಕೇಳಿಸುತ್ತದೆ.

ಮೂರನೆಯದು ಆಜ್ಞೆಯ ದಾರಿ. ರಿಮೋಟಿನ ಮೂತಿಯಲ್ಲಿರುವ ಪುಟ್ಟ ದೀಪ ಅತಿಗೆಂಪು ಬೆಳಕಿನಲ್ಲಿ, ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಬಾರಿ ಮಿನುಗುತ್ತ, ಯಂತ್ರಕ್ಕೆ ಸಂಕೇತ ಕಳಿಸುತ್ತದೆ. ಅದೂ ಬೆಳಕೇ ಆದ್ದರಿಂದ ನಡುವೆ ಅಡ್ಡ ಬರಬಾರದು, ಯಂತ್ರದ ಗ್ರಾಹಕ ಕಣ್ಣಿಗೆ ನೇರ ಬಿಸಿಲು ಬೀಳಬಾರದು. ಕಣ್ಣಿಗೆ ಕಾಣದ ಈ ಮಿನುಗನ್ನು ಮೊಬೈಲಿನ ಕ್ಯಾಮೆರಾ ಕಾಣಬಲ್ಲದು. ಮುಂಬದಿಯ ಕ್ಯಾಮೆರಾ ತೆರೆದು, ರಿಮೋಟನ್ನು ಅದಕ್ಕೆ ತೋರಿಸಿ ಗುಂಡಿ ಒತ್ತಿ. ಚುಕ್ಕಿ ಹೊಳೆದರೆ ರಿಮೋಟ್ ಜೀವಂತವಾಗಿದೆ, ಹೊಳೆಯದಿದ್ದರೆ ಮೊದಲು ಸೆಲ್ ಬದಲಿಸಬೇಕು. ಇಲ್ಲೊಂದು ಮುಖ್ಯ ಪ್ರಶ್ನೆಯಿದೆ: ರಿಮೋಟ್ ಆಜ್ಞೆ ಕೊಡುವುದು ಯಾರಿಗೆ? ಪ್ರೊಜೆಕ್ಟರಿಗೆ, ಲ್ಯಾಪ್‌ಟಾಪಿಗಲ್ಲ. ಹಾಗಾಗಿಯೇ ಪುಟ ಬದಲಿಸುವ ಗುಂಡಿ ಎಷ್ಟು ಒತ್ತಿದರೂ ಸ್ಲೈಡು ಮುಂದಕ್ಕೆ ಹೋಗುವುದಿಲ್ಲ. ಅನೇಕ ಮಾದರಿಗಳಲ್ಲಿ ಪ್ರೊಜೆಕ್ಟರಿನ ಚೌಕನೆಯ ಯುಎಸ್‌ಬಿ ಪೋರ್ಟಿನಿಂದ ಲ್ಯಾಪ್‌ಟಾಪಿಗೆ ಇನ್ನೊಂದು ಕೇಬಲ್ ಹಾಕಿದರೆ ಆ ಮಾತು ಅಲ್ಲಿಗೂ ತಲುಪುತ್ತದೆ. ‘ಫ್ರೀಜ್’ ಗುಂಡಿ ಪರದೆಯ ಮೇಲಿನ ಚಿತ್ರವನ್ನು ಹಿಡಿದು ನಿಲ್ಲಿಸುತ್ತದೆ. ನಕ್ಷೆಯೊಂದನ್ನು ಮಕ್ಕಳ ಮುಂದೆ ಇಟ್ಟು, ಲ್ಯಾಪ್‌ಟಾಪಿನಲ್ಲಿ ಮುಂದಿನ ಪಾಠ ಹುಡುಕಲು ಇದು ತುಂಬ ಒಳ್ಳೆಯ ಅನುಕೂಲ. ಅರಿವಿಲ್ಲದೆ ಒತ್ತಿದರೆ ಅದೇ ‘ಹ್ಯಾಂಗ್ ಆಗಿದೆ’ ಎಂಬ ದೂರಿಗೆ ಕಾರಣವಾಗುತ್ತದೆ. ‘ಬ್ಲ್ಯಾಂಕ್’ ಅಥವಾ ‘ಮ್ಯೂಟ್’ ಗುಂಡಿ ಪರದೆಯನ್ನು ಕಪ್ಪಾಗಿಸಿ ಮಕ್ಕಳ ಕಣ್ಣನ್ನು ಮೇಷ್ಟ್ರ ಕಡೆಗೆ ತಿರುಗಿಸುತ್ತದೆ. ಪಾಠ ಮಾಡುವವರ ಮಟ್ಟಿಗೆ ರಿಮೋಟಿನ ಅತಿ ಬೆಲೆಯುಳ್ಳ ಗುಂಡಿಗಳು ಇವೆರಡು, ಅತಿ ಕಡಿಮೆ ಬಳಕೆಯವೂ ಇವೇ.

ಬೆಳಕಿನ ದಾರಿಗೆ ಬಂದರೆ ಸ್ವಲ್ಪ ಲೆಕ್ಕ ಬೇಕು. 3,000 ಲ್ಯೂಮೆನ್ ಪ್ರೊಜೆಕ್ಟರ್ ಆರು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಪರದೆಯ ಮೇಲೆ ಬಿದ್ದಾಗ ಸುಮಾರು 1,200 ಲಕ್ಸ್ ಬೆಳಕು ಸಿಗುತ್ತದೆ. ‘ಇನ್ನೂ ದೊಡ್ಡದಾಗಿ ಕಾಣಲಿ’ ಎಂದು ಅಗಲವನ್ನು ಹನ್ನೆರಡು ಅಡಿಗೆ ಏರಿಸಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗಿ ಬೆಳಕು 300 ಲಕ್ಸಿಗೆ ಇಳಿಯುತ್ತದೆ. ಕಿಟಕಿ ತೆರೆದ ಕೋಣೆಯಲ್ಲಿ ಹಗಲಿನ ಬೆಳಕೇ ಅಷ್ಟಿರಬಹುದು. ಆಗ ‘ಲ್ಯಾಂಪ್ ಹೋಗಿದೆ’ ಎಂದು ಹೊಸ ಲ್ಯಾಂಪಿಗೆ ಅರ್ಜಿ ಹಾಕುವ ಮುನ್ನ ಯಂತ್ರವನ್ನು ಪರದೆಯ ಹತ್ತಿರಕ್ಕೆ ತರುವುದೂ ಪರದೆಯ ಪಕ್ಕದ ಕಿಟಕಿ ಮುಚ್ಚುವುದೂ ವಿವೇಕ. ‘ಕೀಸ್ಟೋನ್’ ಗುಂಡಿಯದು ಇನ್ನೊಂದು ಕಥೆ. ಮುಂದಿನ ಕಾಲನ್ನು ಎತ್ತಿ ಯಂತ್ರವನ್ನು ಮೇಲ್ಮುಖವಾಗಿಸಿದಾಗ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದಾಗುತ್ತದೆ. ಕೀಸ್ಟೋನ್ ಅದನ್ನು ನೇರ ಮಾಡುವುದು ಬೆಳಕನ್ನು ಬಗ್ಗಿಸಿ ಅಲ್ಲ, ಚಿಪ್ಪಿನ ಮೇಲೆಯೇ ಚಿತ್ರವನ್ನು ಒಂದು ಕಡೆ ಕುಗ್ಗಿಸಿ. 1024 ಬೈ 768ರ ಚಿಪ್ಪು ಎಂದರೆ 7,86,432 ಚುಕ್ಕಿಗಳು. ಒಂದು ಅಂಚನ್ನು ಐದನೇ ಒಂದರಷ್ಟು ಕುಗ್ಗಿಸಿದರೆ ಹತ್ತನೇ ಒಂದು ಪಾಲು, ಅಂದರೆ ಎಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಚುಕ್ಕಿಗಳು ಕೆಲಸವಿಲ್ಲದೆ ಕೂರುತ್ತವೆ; ಉಳಿದವು ಚಿತ್ರವನ್ನು ಹಿಂಡಿ ತೋರಿಸಬೇಕು. ಇಂಗ್ಲಿಷ್ ಅಕ್ಷರ ಇದನ್ನು ತಾಳಿಕೊಳ್ಳುತ್ತದೆ. ಕನ್ನಡದಲ್ಲಿ ಅರ್ಥ ನಿಲ್ಲುವುದು ಸಾಲಿನ ಕೆಳಗಿನ ಸಣ್ಣ ಒತ್ತಕ್ಷರದಲ್ಲಿ. ‘ಸ್ವಾತಂತ್ರ್ಯ’ ಎಂಬ ಪದದ ಒತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಹಿಂದಿನ ಬೆಂಚಿನ ಮಗುವಿಗೆ ಕಾಣುವುದು ಒಂದು ಕಪ್ಪು ಮುದ್ದೆ. ಹಾಗಾಗಿ ಕೀಸ್ಟೋನ್ ಕೊನೆಯ ಉಪಾಯವಾಗಬೇಕು. ಮೊದಲು ಮೇಜನ್ನೇ ಎತ್ತರಿಸಿ, ಯಂತ್ರವನ್ನು ಪರದೆಗೆ ನೇರವಾಗಿಟ್ಟು, ಜೂಮ್ ಮತ್ತು ಫೋಕಸ್ ಬಳೆಗಳಿಂದ ಹೊಂದಿಸಬೇಕು. ಈ ಸಲಹೆ ಕನ್ನಡದಲ್ಲಿ ಪಾಠ ಮಾಡುವವರಿಗೆ ಉಳಿದವರಿಗಿಂತ ಹೆಚ್ಚು ಅನ್ವಯಿಸುತ್ತದೆ.

ಇನ್ನು ಪವರ್ ಗುಂಡಿ. ಯಂತ್ರವನ್ನು ಆರಿಸಲು ಅನೇಕ ಮಾದರಿಗಳಲ್ಲಿ ಅದನ್ನು ಎರಡು ಸಲ ಒತ್ತಬೇಕು. ಮೊದಲ ಒತ್ತಿಗೆ ಯಂತ್ರ ‘ನಿಜವಾಗಿಯೂ ಆರಿಸಬೇಕೇ’ ಎಂದು ಕೇಳುತ್ತದೆ, ಎರಡನೆಯದು ಅದಕ್ಕೆ ಒಪ್ಪಿಗೆ. ಆಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ. ಇದನ್ನು ಸುಮ್ಮನೆ ಇಟ್ಟಿಲ್ಲ. ಹಳೆಯ ಬಗೆಯ ಪಾದರಸದ ಲ್ಯಾಂಪು ಉರಿಯುವಾಗ ಅದರೊಳಗಿನ ಆವಿಯ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು 200 ಪಟ್ಟು ಇರುತ್ತದೆ, ಸುತ್ತಲಿನ ಗಾಜು ಬೆಂಕಿಯಂತೆ ಸುಡುತ್ತಿರುತ್ತದೆ. ಪ್ಲಗ್ ಕಿತ್ತರೆ ಫ್ಯಾನ್ ನಿಂತು ಬಿಸಿ ಒಳಗೇ ಉಳಿಯುತ್ತದೆ. ನಮ್ಮ ಕಡೆ ಕರೆಂಟ್ ಹೇಳದೆ ಹೋಗುತ್ತದೆ, ಐದೇ ನಿಮಿಷಕ್ಕೆ ಬರುತ್ತದೆ. ಬಂದ ಕೂಡಲೇ ಲ್ಯಾಂಪು ಹೊತ್ತದಿದ್ದರೆ ಅದು ಸುಟ್ಟುಹೋಗಿದೆ ಎಂದಲ್ಲ. ಬಿಸಿ ಆವಿಯ ಒತ್ತಡ ಇಳಿಯುವ ತನಕ ಒಳಗಿನ ಕಿಡಿ ಹತ್ತಲಾರದು. ಕಾಯಬೇಕು, ಅಷ್ಟೇ. ಸಾಧ್ಯವಿದ್ದಲ್ಲಿ ಒಂದು ಯುಪಿಎಸ್ ಈ ಪೆಟ್ಟು ತಪ್ಪಿಸುತ್ತದೆ. ಎಲ್‌ಇಡಿ ಮತ್ತು ಲೇಸರ್ ಮಾದರಿಗಳಲ್ಲಿ ಈ ಕಾಯುವಿಕೆ ಬಹುಮಟ್ಟಿಗೆ ಇಲ್ಲ. ಮೈಮೇಲಿನ ಪುಟ್ಟ ಸೂಚಕ ದೀಪಗಳೂ ಮಾತಾಡುತ್ತವೆ: ಪವರ್, ಲ್ಯಾಂಪ್, ಟೆಂಪ್ ಎಂದು ಅವುಗಳ ಪಕ್ಕದಲ್ಲೇ ಬರೆದಿರುತ್ತದೆ. ಟೆಂಪ್ ದೀಪ ಕೆಂಪಾದರೆ ಕಾಯಿಲೆ ಹೆಚ್ಚಾಗಿ ದೂಳಿನದು. ಸೀಮೆಸುಣ್ಣದ ಪುಡಿ ಫಿಲ್ಟರಿಗೆ ಅಂಟಿ ಗಾಳಿಯಾಡದೆ ಯಂತ್ರ ತಾನೇ ನಿಂತಿದೆ. ಫಿಲ್ಟರ್ ಇರುವ ಮಾದರಿಯಲ್ಲಿ ಅದನ್ನು ಬಿಚ್ಚಿ ಮೆತ್ತನೆಯ ಬ್ರಷ್ಷಿನಿಂದ ಒರೆಸುವುದು ಯಾರಾದರೂ ಮಾಡಬಹುದಾದ ಕೆಲಸ.

ಇಷ್ಟು ಹೇಳಿದ ಮೇಲೆ ಎದುರು ವಾದಗಳನ್ನೂ ಕೇಳಬೇಕು. ಪಾಠ ಮಾಡುವುದು ಮೇಷ್ಟ್ರ ಕೆಲಸ, ಯಂತ್ರ ನೋಡಿಕೊಳ್ಳಲು ಒಬ್ಬ ಆಪರೇಟರ್ ಇರಲಿ ಎನ್ನುವುದು ಮೊದಲನೆಯದು. ಶಿಕ್ಷಕರ ಮೇಲೆ ಈಗಾಗಲೇ ಇರುವ ಗಣತಿ, ಚುನಾವಣೆ, ಬಿಸಿಯೂಟ, ದಾಖಲೆಗಳ ಹೊರೆ ನೋಡಿದರೆ ಈ ಮಾತಿನಲ್ಲಿ ನ್ಯಾಯವಿದೆ. ಆದರೆ ಆಪರೇಟರ್ ಎಂಬ ಕಲ್ಪನೆ ನಮಗೆ ಬಂದದ್ದು ಟೂರಿಂಗ್ ಟಾಕೀಸಿನಿಂದ. ಅಲ್ಲಿ ಇಂಗಾಲದ ಕಡ್ಡಿಗಳ ನಡುವೆ ಉರಿಯುವ ಕಿಡಿಯನ್ನು ಕೈಯಿಂದ ಸರಿಪಡಿಸುತ್ತಲೇ ಇರಬೇಕಿತ್ತು, ರೀಲು ಬದಲಿಸಬೇಕಿತ್ತು, ಬೆಂಕಿಯ ಭಯವಿತ್ತು. ಆ ಯಂತ್ರಕ್ಕೆ ನುರಿತ ಕೈ ನಿಜವಾಗಿಯೂ ಬೇಕಿತ್ತು. ಇವತ್ತಿನ ಯಂತ್ರಕ್ಕೆ ಆ ಬಗೆಯ ಚಾಕರಿ ಬೇಡ. ಬೇಕಿರುವುದು ಐದು ನಿಮಿಷದ ಅರಿವು. ಅಲ್ಲದೆ ಹೋಬಳಿ ಶಾಲೆಗೆ ಆಪರೇಟರ್ ಬರುವುದು ಹಾಸನದಿಂದಲೋ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಅಂಗಡಿಯಿಂದಲೋ. ಪೀರಿಯಡ್ಡು ಮುಕ್ಕಾಲು ಗಂಟೆ. ಸೋರ್ಸ್ ಗುಂಡಿ ಒತ್ತಲು ಒಬ್ಬರು ಒಂದು ದಿನ ತಡವಾಗಿ ಬಂದರೆ ಆ ಪಾಠ ಅವತ್ತಿಗೆ ಹೋದಂತೆಯೇ. ಒಬ್ಬರಿಗೆ ಮಾತ್ರ ಗೊತ್ತಿರುವ ಶಾಲೆಯಲ್ಲೂ ಅಪಾಯ ಇದೇ. ಆ ಮೇಷ್ಟ್ರಿಗೆ ವರ್ಗವಾದ ದಿನ ಪ್ರೊಜೆಕ್ಟರಿಗೂ ವರ್ಗವಾದಂತೆ.

ಹಳ್ಳಿಯವರಿಗೆ, ವಯಸ್ಸಾದವರಿಗೆ ಇದು ಅರ್ಥವಾಗದು, ಎಲ್ಲ ಇಂಗ್ಲಿಷಿನಲ್ಲಿದೆ ಎನ್ನುವುದು ಎರಡನೆಯ ವಾದ. ಇದನ್ನು ಒಪ್ಪುವುದು ಕಷ್ಟ. ಬೋರ್‌ವೆಲ್ಲಿನಲ್ಲಿ ನೀರು ಬಾರದಾಗ ನಮ್ಮ ರೈತ ಏನು ಮಾಡುತ್ತಾನೆ? ಕರೆಂಟ್ ಇದೆಯೇ, ಮೂರೂ ಫೇಸ್ ಇವೆಯೇ, ಸ್ಟಾರ್ಟರ್ ಎಳೆಯುತ್ತಿದೆಯೇ, ಮೋಟಾರ್ ತಿರುಗುತ್ತಿದೆಯೇ, ನೀರೇ ಇಳಿದಿದೆಯೇ ಎಂದು ಒಂದೊಂದೇ ಹಂತ ನೋಡಿ, ಕೊನೆಗೆ ಮಾತ್ರ ಮೋಟಾರ್ ಎತ್ತಿಸುತ್ತಾನೆ. ಮೋಟಾರ್ ಎತ್ತಿಸುವ ಖರ್ಚು ಅವನಿಗೆ ಗೊತ್ತು, ಅದಕ್ಕೇ ಅವಸರದ ತೀರ್ಪು ಕೊಡುವುದಿಲ್ಲ. ಪ್ರೊಜೆಕ್ಟರ್ ಕೇಳುವುದು ಅದೇ ವಿವೇಚನೆಯನ್ನು, ಅದಕ್ಕಿಂತ ಕಡಿಮೆ ಹಂತಗಳಲ್ಲಿ. ಇಂಗ್ಲಿಷಿನ ಅಡ್ಡಿ ಎಂದರೆ ಪವರ್, ಮೆನು, ಸೋರ್ಸ್, ಫ್ರೀಜ್, ಬ್ಲ್ಯಾಂಕ್, ಕೀಸ್ಟೋನ್ ಎಂಬ ಆರು ಪದ. ಒಂದು ಪಟ್ಟಿ ಅಂಟುಕಾಗದದಲ್ಲಿ ಕನ್ನಡದಲ್ಲಿ ಬರೆದು ಗುಂಡಿಗಳ ಪಕ್ಕ ಅಂಟಿಸಿದರೆ ಮುಗಿಯಿತು.

ಮಕ್ಕಳ ಕೈಗೆ ಕೊಟ್ಟರೆ ಹಾಳಾಗುತ್ತದೆ ಎಂಬುದು ಮೂರನೆಯ ಭಯ. ಈ ಭಯ ತಪ್ಪು ಜಾಗದಲ್ಲಿ ನಿಂತಿದೆ. ಗುಂಡಿ ಒತ್ತಿ ಆಗುವುದನ್ನೆಲ್ಲ ಗುಂಡಿ ಒತ್ತಿಯೇ ಹಿಂದಕ್ಕೆ ತರಬಹುದು. ಸೆಟ್ಟಿಂಗ್ ಪೂರ್ತಿ ಕಲಸಿಹೋದರೂ ಮೆನುವಿನಲ್ಲಿ ‘ರೀಸೆಟ್’ ಇರುತ್ತದೆ. ನಿಜವಾದ ಹಾನಿ ಆಗುವುದು ಗುಂಡಿಯಿಲ್ಲದ ಜಾಗಗಳಲ್ಲಿ: ಗಾಳಿಕಿಂಡಿಗೆ ಪುಸ್ತಕ ಒತ್ತಿ ಇಡುವುದು, ಉರಿಯುವಾಗಲೇ ಪ್ಲಗ್ ಕೀಳುವುದು, ಲೆನ್ಸಿಗೆ ಬೆರಳು ತಾಗಿಸುವುದು, ಪಿನ್ನನ್ನು ಬಲವಂತವಾಗಿ ತುರುಕುವುದು, ಲೆನ್ಸಿನೊಳಗೆ ಕಣ್ಣಿಟ್ಟು ನೋಡುವುದು. ಈ ಐದನ್ನು ಖಡಾಖಂಡಿತವಾಗಿ ತಡೆಯಿರಿ, ಉಳಿದದ್ದನ್ನು ಬಿಟ್ಟುಬಿಡಿ. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ರಿಮೋಟಿಗೆ ಬೀಗ ಹಾಕುತ್ತೇವೆ, ಗಾಳಿಕಿಂಡಿಗೆ ಹಾಜರಿ ಪುಸ್ತಕ ಒರಗಿಸುತ್ತೇವೆ.

ಕೊನೆಯ ಆಕ್ಷೇಪ, ಪ್ರೊಜೆಕ್ಟರಿನ ಕಾಲವೇ ಮುಗಿಯಿತು, ಈಗ ದೊಡ್ಡ ಟಿವಿಯಂಥ ಸ್ಮಾರ್ಟ್ ಬೋರ್ಡುಗಳು ಬರುತ್ತಿವೆ ಎಂಬುದು. ಬರಲಿ. ಆದರೆ ಅವುಗಳ ಹಿಂದೆಯೂ ಇರುವುದು ಅದೇ ಎಚ್‌ಡಿಎಂಐ, ಅದೇ ಯುಎಸ್‌ಬಿ. ರಿಮೋಟಿನಲ್ಲಿ ಅದೇ ಸೋರ್ಸ್ ಗುಂಡಿ. ‘ನೋ ಸಿಗ್ನಲ್’ ಅಲ್ಲಿಯೂ ಬರುತ್ತದೆ. ಇನ್ನೂರು ಜನ ಕೂರುವ ಸಮುದಾಯ ಭವನಕ್ಕೆ 75 ಇಂಚಿನ ಬೋರ್ಡ್ ಸಾಲದು, ಹತ್ತಡಿಯ ಚಿತ್ರವನ್ನು ಕಡಿಮೆ ಖರ್ಚಿನಲ್ಲಿ ಕೊಡುವುದು ಇವತ್ತಿಗೂ ಪ್ರೊಜೆಕ್ಟರೇ. ಯಂತ್ರ ಬದಲಾದರೂ ವಿಚಾರಣೆಯ ಕ್ರಮ ಬದಲಾಗದು. ಹಳೆಯದನ್ನು ಅರಿಯದೆ ಹೊಸದನ್ನು ಕೊಂಡರೆ ಬಟ್ಟೆ ಹೊದಿಸಿಕೊಂಡು ಕೂರುವ ಸರದಿ ಅದರದ್ದಾಗುತ್ತದೆ.

ಮೆಕ್ಯಾನಿಕ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಲ್ಯಾಂಪು ಒಡೆದರೆ, ಚಿತ್ರದ ತುಂಬ ಬಿಳಿ ಚುಕ್ಕಿಗಳು ಎದ್ದರೆ, ಮೆನುವಿನಲ್ಲೂ ಹಳದಿ ಕಲೆ ಕಂಡರೆ ಅವರೇ ಬೇಕು. ಕೇಳುವುದು ಇಷ್ಟೇ: ಕರೆಯುವ ಮುನ್ನ ‘ಮೆನು ಕಾಣುತ್ತಿದೆ, ಚಿತ್ರ ಬರುತ್ತಿಲ್ಲ, ಕೇಬಲ್ ಬದಲಿಸಿ ನೋಡಿದೆವು’ ಎಂದು ಹೇಳುವಷ್ಟು ನಮಗೆ ತಿಳಿದಿರಲಿ. ಅದಕ್ಕೆ ಪ್ರತಿ ಶಾಲೆಯ ಅಭಿವೃದ್ಧಿ ಸಮಿತಿ (ಎಸ್‌ಡಿಎಂಸಿ), ಪ್ರತಿ ಪಂಚಾಯ್ತಿ, ಪ್ರತಿ ಹಾಲಿನ ಸಂಘ ಒಂದು ಅರ್ಧ ಹಾಳೆಯ ಕನ್ನಡ ಬರಹವನ್ನು ಪ್ರೊಜೆಕ್ಟರಿನ ಜೊತೆಗಿಡಲಿ. ಮೂರು ದಾರಿ, ಆರು ಗುಂಡಿ, ಐದು ನಿಷೇಧ, ಇಷ್ಟು ಅದರಲ್ಲಿದ್ದರೆ ಸಾಕು. ವರ್ಷಕ್ಕೊಮ್ಮೆ ಎಲ್ಲ ಶಿಕ್ಷಕರೂ ಎಂಟನೇ ತರಗತಿಯ ಮಕ್ಕಳೂ ಅದನ್ನು ಕೈಯಾರೆ ಮಾಡಿ ನೋಡಲಿ. ಸಾರ್ವಜನಿಕರ ಹಣದಲ್ಲಿ ಕೊಂಡ ಯಂತ್ರ ಸಾರ್ವಜನಿಕರಿಗೆ ಅರ್ಥವಾಗಿರಬೇಕಾದ್ದು ನ್ಯಾಯ. ಅರ್ಥವಾದರೆ ಅದು ಎಷ್ಟು ದಿನ ಕೆಲಸ ಮಾಡಿತು, ಯಾಕೆ ನಿಂತಿತು, ಸರಿಪಡಿಸಲು ನಿಜವಾಗಿ ಎಷ್ಟು ಖರ್ಚಾಗಬೇಕು ಎಂದು ಕೇಳುವ ಹಕ್ಕೂ ಬಲವೂ ಊರಿಗೆ ಬರುತ್ತವೆ.